ಸಂಗಮದ ಮೆಟ್ಟಿಲುಗಳು

ಬಾಗಲಕೋಟೆಯ ನವನಗರದಿಂದ ಕೂಡಲಸಂಗಮಕ್ಕೆ ಹೋಗಿಬರುವುದು ನಮ್ಮ ಭಾಗದವರಿಗೆ ಪ್ರವಾಸವೆನಿಸುವುದಿಲ್ಲ. ಮುಂಜಾನೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಆದರೆ ಕಳೆದ ಮಾಘಮಾಸದಲ್ಲಿ ನಾವು ಮೂವರು ಕೈಗೊಂಡ ಆ ಪಯಣವು ಕೂಡಿಬರಲು ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ನಾನು, ನನ್ನ ಅವ್ವ ಹಾಗೂ ಅಪ್ಪನ ತಮ್ಮನಾದ ಕಾಕಾ ಒಂದೇ ವಾಹನದಲ್ಲಿ ಕುಳಿತದ್ದು ಅಷ್ಟು ಕಾಲದ ನಂತರ ಅದೇ ಮೊದಲು.

ನಮ್ಮ ಹಳ್ಳಿಯಿದ್ದುದು ಘಟಪ್ರಭೆಯ ದಂಡೆಯ ಮೇಲೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟಾಗ ಅಜ್ಜನಿಗೆ ಅದು ದೂರದ ಸುದ್ದಿ. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಎತ್ತರಕ್ಕೆ ಸಮ್ಮತಿಸಿದ ಮೇಲೆ ಅದು ನಮ್ಮ ಹೊಸ್ತಿಲಿಗೆ ಬಂದಿತು. ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದಂತೆಯೇ ನಮ್ಮ ಮನೆ, ಹೊಲ, ಬಾವಿಗಳನ್ನೂ ನುಂಗಿತು. ಅವುಗಳಿಗೆಲ್ಲ ಬೆಲೆ ಕಟ್ಟಲಾಯಿತು. ಆದರೆ ಹೊಲದ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಅಜ್ಜನ ಸಮಾಧಿಯಿತ್ತು. ಅದಕ್ಕೆ ಬೆಲೆ ಕಟ್ಟುವವರಾರು? ಅಳಿದವರನ್ನು ಮಣ್ಣಿಗೆ ಒಪ್ಪಿಸುವ ನಮ್ಮಂಥವರಿಗೆ ಆ ಮಣ್ಣೇ ಮನೆತನದ ಮೂಲಸ್ಥಾನ. ಬಿತ್ತುವ ಮುನ್ನ, ರಾಶಿಯ ತರುವಾಯ ಅಲ್ಲಿ ಕಾಯಿ ಒಡೆಯದೆ ನಮ್ಮ ಮನೆಯಲ್ಲಿ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ಅಪ್ಪ ಪರಸ್ಥಳದಲ್ಲಿ ಶಿಕ್ಷಕರಾಗಿದ್ದರು, ಒಕ್ಕಲುತನ ಕಾಕಾನದು. ನೀರು ಬರುವ ಮುನ್ನ ಅಜ್ಜನ ಸಮಾಧಿಯಿಂದ ಒಂದು ಬೊಗಸೆ ಮಣ್ಣು ತೆಗೆದಿಡಬೇಕೆಂದು ಅಪ್ಪ ಪತ್ರ ಬರೆದರು. ಕಾಕಾ ಹೊಸ ಊರಿಗೆ ಬರಿಗೈಯಲ್ಲಿ ಬಂದ. ಕಾರಣ ಕೇಳಿದರೆ ತಲೆ ತಗ್ಗಿಸಿ ನಿಂತ. "ಪರಿಹಾರದ ರೊಕ್ಕ ಎಣಿಸಾಕ ಪುರಸೊತ್ತಿತ್ತು, ಅಪ್ಪನ ಮಣ್ಣಿಗೆ ಇರಲಿಲ್ಲೇನು?" ಎಂದು ಅಪ್ಪ ನುಡಿದ ಆ ಒಂದು ಮಾತಿಗೆ ಎರಡು ಮನೆಗಳ ನಡುವಿನ ಹಾದಿ ಮುಚ್ಚಿಹೋಯಿತು. ಮಗನಾದ ನಾನು ಅಪ್ಪನ ಕೋಪವನ್ನು ಆಸ್ತಿಯಂತೆ ಕಾಯ್ದುಕೊಂಡೆ. ನನ್ನ ಮದುವೆಯ ಅಕ್ಷತೆಗೂ ಕಾಕಾನನ್ನು ಕರೆಯಲಿಲ್ಲ.

ಕಳೆದ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಕಾಕಾ ಬಂದು, ಅಣ್ಣನಿಗೆ ಒಂದು ಹಿಡಿ ಮಣ್ಣು ಹಾಕಿ, ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋದ. ಅಂದಿನಿಂದ ಅವ್ವನ ಮಾತು ನಿಂತಂತಾಯಿತು. ಕೇಳಿದ್ದಕ್ಕೆ ಉತ್ತರ, ಕೊಟ್ಟದ್ದಕ್ಕೆ ಊಟ, ಅಷ್ಟೆ. ಒಂದು ದಿನ ತಾನಾಗಿಯೇ ಅಂದಳು: "ಸಂಗಮಕ್ಕ ಹೋಗೂಣು. ನಿಮ್ಮ ಕಾಕಾನ್ನೂ ಕರಿ."

ದಾರಿಯುದ್ದಕ್ಕೂ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ರುಮಾಲು ಸುತ್ತಿದ ಕಾಕಾ ಮುಂದಿನ ಆಸನದಲ್ಲಿ ಹೊರಗೆ ನೋಡುತ್ತ ಕುಳಿತಿದ್ದ. ಮೂವರಲ್ಲಿ ಒಬ್ಬರೂ ಮಾತನಾಡಲಿಲ್ಲ.

ಕೃಷ್ಣೆ ಮತ್ತು ಮಲಪ್ರಭೆಯರು ಕೂಡುವ ಈ ನೆಲದಲ್ಲಿ ಬಾಲಕ ಬಸವಣ್ಣನವರು ವಿದ್ಯೆ ಕಲಿತರು. ಹನ್ನೆರಡನೆಯ ಶತಮಾನದ ಕಲ್ಯಾಣವು ಕದಡಿಹೋದ ಬಳಿಕ, ಒಡನಾಡಿದ ಶರಣರನ್ನು ಕಳೆದುಕೊಂಡ ನೋವಿನೊಡನೆ ಅವರು ಮರಳಿ ಬಂದುದೂ ಇಲ್ಲಿಗೇ ಎನ್ನುತ್ತದೆ ಪರಂಪರೆ. ಸಂಗಮನಾಥನ ಗುಡಿಯಲ್ಲಿ ಕೈಮುಗಿದು ನಾವು ಐಕ್ಯಮಂಟಪದತ್ತ ನಡೆದೆವು.

ನಾರಾಯಣಪುರದ ಬಸವಸಾಗರದ ಹಿನ್ನೀರು ಈ ಮಂಟಪವನ್ನೂ ಮುಳುಗಿಸಬೇಕಾಗಿತ್ತು. ಅದಾಗದಂತೆ ಸುತ್ತಲೂ ಬಾವಿಯ ಆಕಾರದಲ್ಲಿ ಎತ್ತರದ ಕಾಂಕ್ರೀಟ್ ಗೋಡೆಯನ್ನು ಎಬ್ಬಿಸಿದ್ದಾರೆ. ದಂಡೆಯಿಂದ ಸೇತುವೆಯ ಮೇಲೆ ನಡೆದು, ಗೋಡೆಯ ಒಳಮೈಗುಂಟ ಮೆಟ್ಟಿಲಿಳಿದು ತಳ ಸೇರಬೇಕು. ಹೊರಗೆ ತಲೆಯ ಮಟ್ಟಕ್ಕಿಂತ ಮೇಲೆ ನೀರು. ಒಳಗೆ ಒಣನೆಲ, ಪುಟ್ಟ ಕಲ್ಲಿನ ಮಂಟಪ, ಅದರಲ್ಲಿ ಲಿಂಗ. ಕಾಕಾ ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

ಕೆಳಗೆ ತಂಪಾಗಿತ್ತು. ಕಾಕಾ ಗೋಡೆಗೆ ಅಂಗೈ ಹಚ್ಚಿ ಬಹಳ ಹೊತ್ತು ನಿಂತು, ಅವ್ವನ ಕಡೆ ತಿರುಗದೆಯೇ ಹೇಳಿದ: "ಇಲ್ಲೆ ಗೋಡಿ ಕಟ್ಟಿ ಉಳಿಸ್ಯಾರ ವೈನಿ. ನಮ್ಮಪ್ಪನ ಸುತ್ತ ಕಟ್ಟಾಕ ನನ್ನ ಕಡೆ ಏನಿತ್ತು? ಮಣ್ಣು ತರಾಕ ಎರಡು ಸಲ ಹೋಗಿದ್ದೆ. ಸಲಿಕಿ ಎತ್ತಿದೆ, ಊರಾಕ ಕೈ ಬರಲಿಲ್ಲ. ಮಲಗಿದಾವನ್ನ ಹ್ಯಾಂಗ ಅಗೀಲಿ? ನೀರಾಗ ಬಿಟ್ಟು ಬಂದೆ ಅಂತ ಅಣ್ಣಗ ಹ್ಯಾಂಗ ಹೇಳ್ಲಿ?"

ಅವ್ವ ಸಮಾಧಾನದ ಮಾತು ಆಡಲಿಲ್ಲ. "ಇಷ್ಟು ಮಾತು ಅವರಿದ್ದಾಗ ಹೇಳಬಾರದಿತ್ತೇನು ತಮ್ಮಾ?" ಎಂದವಳ ದನಿ ಒಡೆಯಿತು. ಅಪ್ಪ ಹೋದ ಮೇಲೆ ಅವಳು ಮನಸಾರೆ ಅತ್ತದ್ದು ಅಲ್ಲಿಯೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಏಳು, ಮೆಟ್ಟಲ ಬಾಳ ಅದಾವ" ಎಂದು ಕಾಕಾನ ಕೈಹಿಡಿದಳು.

ಅವರ ಹಿಂದೆ ಮೆಟ್ಟಿಲೇರುವಾಗ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಕಾಕಾನ ತಪ್ಪನ್ನು ಎಣಿಸಿದ್ದೆನೇ ಹೊರತು, ಅಂದು ಏನಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಮನೆಯೂ ದುಃಖದ ಸುತ್ತ ಗಟ್ಟಿ ಗೋಡೆಯನ್ನೇ ಕಟ್ಟಿತ್ತು. ಆದರೆ ಇಳಿಯಲು ಒಂದು ಮೆಟ್ಟಿಲನ್ನೂ ಇಟ್ಟಿರಲಿಲ್ಲ. ಇಲ್ಲಿ ಕಟ್ಟಿದವರು ನೀರನ್ನು ಹಿಂದಕ್ಕೆ ಕಳಿಸಲಿಲ್ಲ. ಅದು ಆಗದ ಮಾತು. ನೀರಿನ ನಡುವೆಯೇ ಇಳಿದು ನೋಡಿ, ಮತ್ತೆ ಮೇಲೇರಿ ಬರುವ ದಾರಿಯೊಂದನ್ನು ಉಳಿಸಿದರು.

ದಾಸೋಹದಲ್ಲಿ ಪ್ರಸಾದ ಸ್ವೀಕರಿಸುವಾಗ ಕಾಕಾ ಅವ್ವನ ಪಕ್ಕದಲ್ಲಿ ಕುಳಿತ. ಮರಳುವಾಗ ನವನಗರವನ್ನು ದಾಟಿ ಘಟಪ್ರಭೆಯ ಹಿನ್ನೀರಿನ ಕಡೆಗೆ ವಾಹನವನ್ನು ತಿರುಗಿಸಲು ಹೇಳಿದ. ದಂಡೆಯಲ್ಲಿ ನಿಂತು, ನೀರಿನ ಮೇಲೆ ಬೆರಳು ಚಾಚಿ, "ಅಲ್ಲೆ ಬೇವಿನ ಗಿಡ" ಎಂದ. ನಮಗೆ ಕಂಡದ್ದು ಬರಿಯ ನೀರು. ಆದರೂ ಮೂವರೂ ಕೈಮುಗಿದೆವು. ಅನಂತರ ಅವನು ಬಾಗಿ, ನೀರು ತಾಗಿದ ದಂಡೆಯಿಂದ ಒಂದು ಬೊಗಸೆ ಮಣ್ಣೆತ್ತಿ ರುಮಾಲಿನ ತುದಿಯಲ್ಲಿ ಕಟ್ಟಿಕೊಂಡ.

ಮರುದಿನ ಬೆಳಿಗ್ಗೆ ಆ ಮಣ್ಣನ್ನು ಅಪ್ಪನ ಸಮಾಧಿಯ ಮೇಲೆ ತನ್ನ ಕೈಯಾರೆ ಹರಡಿದ. ಅಪ್ಪನಿಗೆ ಆ ಮಾತು ಮುಟ್ಟಲಿಲ್ಲವೆಂಬ ಕೊರಗು ನಮ್ಮಲ್ಲಿ ಉಳಿದೇ ಇದೆ. ಆದರೆ ಅಂದು ಕಾಕಾ ನಮ್ಮ ಮನೆಯಲ್ಲಿ ನೀರು ಕುಡಿದ. ಅವ್ವ ರೊಟ್ಟಿ ಬಡಿಯುತ್ತ ಹಳೆಯ ಊರಿನ ಮಾತು ತೆಗೆದಳು. ಕೇಳದೆ ಉಳಿಸಿಕೊಂಡ ಪ್ರಶ್ನೆಯೊಂದು ನಿಮ್ಮ ಮನೆಯಲ್ಲಿಯೂ ಇದ್ದರೆ, ಕೇಳಬೇಕಾದವರು ಇರುವಾಗಲೇ ಕೇಳಿಬಿಡಿ.