ಅರುಚಿಗೆ ಪಥ್ಯ

ಜ್ವರ ಬಿಟ್ಟೆದ್ದವನಿಗೆ ಹೋಳಿಗೆಯನ್ನು ಬಡಿಸುವ ವೈದ್ಯನಿಲ್ಲ. ಆದರೆ ಓದಿನಲ್ಲಿ ಅರುಚಿಯುಳ್ಳವನ ಕೈಗೆ ಮಹಾಕಾವ್ಯವನ್ನೇ ಇಡುವ ಪಂಡಿತರು ಬಹಳ.

ತಿಕೋಟಾದ ದ್ರಾಕ್ಷಿಯ ತೋಟಿಗನೊಬ್ಬನಿಗೆ, ವಿಜಯಪುರದಲ್ಲಿರುವ ಅವನ ಸೋದರಮಾವನು ಸಟೀಕವಾದ ಹಳಗನ್ನಡ ಕಾವ್ಯವೊಂದನ್ನು ಕೊಟ್ಟಿದ್ದನು. ಹತ್ತು ನವರಾತ್ರಿಗಳಲ್ಲಿ ಅದಕ್ಕೆ ಅರಿಷಿಣ ಕುಂಕುಮಗಳು ಏರಿದವು. ಹಾಳೆ ಮಾತ್ರ ತಿರುವಲಿಲ್ಲ. ‘ನನ್ನ ತಲೆಗೆ ಓದು ಹತ್ತುವದಿಲ್ಲ’ ಎಂದು ಅವನು ತನ್ನನ್ನೇ ಹಳಿದುಕೊಂಡನು.

ಕಳೆದ ವರ್ಷ ಅವನ ತಾಯಿ ತೀರಿಕೊಂಡಳು. ಆಕೆಯ ತವರು ಬಬಲೇಶ್ವರ. ದುಃಖದಲ್ಲಿದ್ದ ಅಳಿಯನಿಗೆ ಮಾವನು ಈ ಸಲ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಕೊಟ್ಟನು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೂಡಿಸಿ 1931ರಲ್ಲಿ ಹೊರತಂದ ಪುಸ್ತಕವದು. ಮೂರು ಮೂರು ಸಾಲಿನ ಪದಗಳು. ಎಲ್ಲಿ ತೆರೆದರೂ ಓದಬಹುದು, ಎಲ್ಲಿ ಬಿಟ್ಟರೂ ಕೊರತೆಯಿಲ್ಲ.

ನಾಲ್ಕನೆಯ ದಿನ ಅಳಿಯನು ಬಂದು ಒಂದು ಪುಟದ ಮೇಲೆ ಬೆರಳಿಟ್ಟನು. ‘ಮಾಮಾ, ಅವ್ವ ಬೀಸುವಾಗ ಇದನ್ನ ಹಾಡತಿದ್ದಳು. ನಿಮ್ಮ ಮನೆಯಿಂದಲೇ ಕಲಿತು ಬಂದದ್ದಂತೆ.’

ಕಿವಿಗೆ ಪರಿಚಿತವಾದದ್ದು ಕಣ್ಣಿಗೆ ಭಾರವಾಗದು. ಪುಸ್ತಕವನ್ನು ಆರಿಸಿ ಕೊಡುವವನು ಮೊದಲು ಅರಿಯಬೇಕಾದದ್ದು ಇಷ್ಟೇ.

ಆಕೆಯ ಒಡಹುಟ್ಟಿದವನಾದರೂ ಮಾವನಿಗೆ ಆ ಹಾಡು ನೆನಪಿರಲಿಲ್ಲ. ‘ಓದಪ್ಪಾ’ ಎಂದನು. ಅಳಿಯನು ಓದಿದನು, ಪಂಡಿತನು ಕಣ್ಣು ಮುಚ್ಚಿ ಕೇಳಿದನು.