ಆಟಗಾರರನ್ನು ಕೇಳಲು ಬರುವವರು

ಹೆಣ್ಣು ಕೇಳಲು ಬರುವ ನೆಂಟರನ್ನು ನಮ್ಮ ಗೃಹಸ್ಥರೆಲ್ಲರೂ ಬಲ್ಲರು. ಮೊದಲು ಸುದ್ದಿ ಮುಟ್ಟಿಸಿ, ಒಳ್ಳೆಯ ದಿನ ನೋಡಿ, ಮಧ್ಯಸ್ಥನೊಬ್ಬನನ್ನು ಮುಂದಿಟ್ಟುಕೊಂಡು ಬರುವುದು ಅವರ ಪದ್ಧತಿ. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ನೆಂಟರು ನಮ್ಮ ಕಡೆಯ ಹಳ್ಳಿಗಳಿಗೆ ಬರತೊಡಗಿದ್ದಾರೆ. ಇವರು ಜಾತಕವನ್ನು ಕೇಳುವುದಿಲ್ಲ. ಹುಡುಗಿಯು ನೂರು ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡುವಳು, ಹುಡುಗನ ಎತ್ತರವೆಷ್ಟು ಎಂದು ಕೇಳುತ್ತಾರೆ. ವರದಕ್ಷಿಣೆಯ ಮಾತೂ ಉಂಟು, ಆದರೆ ಕೊಡುವವರು ಅವರೇ: ಊಟ, ವಸತಿ, ಶುಲ್ಕವಿಲ್ಲದ ಓದು. ಇವರು ಕಾಲೇಜುಗಳ ಕ್ರೀಡಾ ತರಬೇತುದಾರರು.

ಬಲಶಾಲಿಗಳನ್ನು ಹುಡುಕಿ ಸಾಕುವುದು ಹೊಸ ಮಾತೇನೂ ಅಲ್ಲ. ಮೈಸೂರಿನ ಅರಸರು ದಸರೆಯ ಕಾಳಗಕ್ಕೆಂದು ಜಟ್ಟಿಗಳನ್ನು ಪೋಷಿಸಿದರು. ಪಾಳೆಯಗಾರರ ಕೋಟೆಯ ನೆರಳಿನಲ್ಲಿರುವ ನಮ್ಮ ಚಿತ್ರದುರ್ಗಕ್ಕೆ ಗರಡಿಯ ಮಣ್ಣಿನ ವಾಸನೆ ಅಪರಿಚಿತವಲ್ಲ. ಹೊಸದಾಗಿರುವುದು, ಈಗ ಅರಸರ ಸ್ಥಾನದಲ್ಲಿ ಕಾಲೇಜುಗಳು ಕುಳಿತಿರುವುದು ಮಾತ್ರ.

ಈ ವ್ಯವಹಾರದಲ್ಲಿ ನಮ್ಮ ಜಿಲ್ಲೆಯ ಪಾಲಿಗೆ ಬಂದುದು ಹೆಚ್ಚಾಗಿ ಕನ್ಯಾಪಿತೃವಿನ ಪಾತ್ರವೇ. ಇಲ್ಲಿಯ ಕಾಲೇಜಿನ ಆಟಗಾರನು 1987ಕ್ಕೆ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದ ಅಂಗಿಯನ್ನು ತೊಟ್ಟನು, ಅನಂತರ ಕುವೆಂಪು ವಿಶ್ವವಿದ್ಯಾನಿಲಯದ್ದನ್ನು, 2009ರಿಂದೀಚೆಗೆ ದಾವಣಗೆರೆಯದನ್ನು. ಆ ದಾವಣಗೆರೆಯಾದರೂ 1997ರ ವರೆಗೆ ನಮ್ಮದೇ ಜಿಲ್ಲೆಯ ತಾಲ್ಲೂಕಾಗಿತ್ತು. ಮನೆ ಮಗಳು ಬೇರೆ ಮನೆ ಹೂಡಿ, ತವರಿನವರನ್ನೇ ತನ್ನ ಕಡೆಯವರೆಂದು ಕರೆದುಕೊಂಡ ಹಾಗೆ ಆಯಿತು. ಇದರಲ್ಲಿ ನಮಗೆ ಬೇಸರವಿಲ್ಲ, ಸ್ವಲ್ಪ ನಗೆಯುಂಟು.

ನಮ್ಮವರು ಹೊರಗಿನಿಂದ ಗೆದ್ದು ತಂದುದೂ ಒಂದುಂಟು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯವರು 1943ರಲ್ಲಿ ಯೋಗ, ವ್ಯಾಯಾಮಗಳನ್ನು ಕಲಿಸಲೆಂದು ಒಬ್ಬರನ್ನು ಬರಮಾಡಿಕೊಂಡರು. ಕೆಲವು ದಿನಗಳಿಗೆಂದು ಬಂದವರು 1996ರಲ್ಲಿ ದೇಹ ಬಿಡುವವರೆಗೂ ಆ ಊರನ್ನು ಬಿಡಲಿಲ್ಲ. ‘ತಿರುಕ’ ಎಂಬ ಹೆಸರಿನಿಂದ ಬರೆದ ರಾಘವೇಂದ್ರ ಸ್ವಾಮಿಗಳು ಅವರು. ಜೋಳಿಗೆ ಹಿಡಿದು ಕೂಡಿಸಿದ ಹಣದಿಂದ ಅನಾಥ ಸೇವಾಶ್ರಮವನ್ನು ಕಟ್ಟಿ ಸಾವಿರಾರು ಮಂದಿಗೆ ಅಂಗಸಾಧನೆಯನ್ನು ಕಲಿಸಿದರು. ಕೊಡಲು ಏನೂ ಇಲ್ಲದ ಒಂದು ಹಳ್ಳಿಯು ಇಂಥವರನ್ನು ಹಿಡಿದಿಟ್ಟುಕೊಂಡಿತಲ್ಲಾ! ಯಾವ ದೊಡ್ಡ ಕಾಲೇಜಿನ ಗೆಲವೂ ಇದಕ್ಕೆ ಸರಿಯಲ್ಲವೆಂದು ನಮ್ಮ ಎಣಿಕೆ.

ಈಗಿನ ಕಾಲದ ದೊಡ್ಡ ಗೆಲವನ್ನು ನೋಡಬೇಕಾದರೆ ಘಟ್ಟವನ್ನಿಳಿಯಬೇಕು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯವರು ಕ್ರೀಡಾ ವಿದ್ಯಾರ್ಥಿಗಳನ್ನು ದತ್ತು ತೆಗೆದುಕೊಂಡಂತೆ ಉಚಿತವಾಗಿ ಓದಿಸುತ್ತಾರೆ. ತಮಿಳುನಾಡಿನ ತಿರುಪ್ಪೂರು ಕಡೆಯ ಧರುಣ್ ಅಯ್ಯಸಾಮಿ ಅಲ್ಲಿಗೆ ಬಂದು ಓದಿದನು. 2018ರ ಏಷ್ಯನ್ ಕ್ರೀಡೆಗಳಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 48.96 ಸೆಕೆಂಡಿನಲ್ಲಿ ಮುಗಿಸಿ ಬೆಳ್ಳಿಯ ಪದಕವನ್ನು ಪಡೆದನು. ಇಂಥವರ ಕಾಲಬಲದಿಂದ ಮಂಗಳೂರು ವಿಶ್ವವಿದ್ಯಾನಿಲಯವು ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್‌ನಲ್ಲಿ ಹಲವು ಸಲ ಮೊದಲಿನ ಸ್ಥಾನಕ್ಕೇರಿತು.

ಹೀಗೆ ದೂರದವರನ್ನು ಕರೆತಂದ ಕರಾವಳಿಯು ತನ್ನ ಅಂಗಳದಲ್ಲಿ ಬೆಳೆದವನನ್ನು ಉಳಿಸಿಕೊಳ್ಳಲಾರದೆ ಹೋಯಿತು. ಸುರತ್ಕಲ್ಲಿನಲ್ಲಿ ಪ್ರಾಧ್ಯಾಪಕರ ಮಗನಾಗಿ ಬೆಳೆದ ಕೆ. ಎಲ್. ರಾಹುಲ್ ಹದಿನೆಂಟನೆಯ ವಯಸ್ಸಿನಲ್ಲಿ ಕ್ರಿಕೆಟ್ಟಿಗಾಗಿ ಬೆಂಗಳೂರಿನ ಜೈನ್ ವಿದ್ಯಾಸಂಸ್ಥೆಗೆ ಹೋದನು. ಆ ಜೈನ್ ವಿಶ್ವವಿದ್ಯಾನಿಲಯವೇ 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡೆಗಳಲ್ಲಿ 20 ಚಿನ್ನದ ಪದಕಗಳೊಡನೆ ಅಗ್ರಸ್ಥಾನವನ್ನು ಪಡೆಯಿತು. ಅವುಗಳಲ್ಲಿ ಬಹು ಭಾಗವನ್ನು ಈಜುಗೊಳದಿಂದಲೇ ಮೊಗೆದುಕೊಂಡರೆಂಬುದು ಗಮನಿಸತಕ್ಕ ಸಂಗತಿ. ಒಳ್ಳೆಯ ಈಜುಗಾರರು ಇಬ್ಬರಿದ್ದರೆ ಸಾಕು, ಹತ್ತಾರು ಸ್ಪರ್ಧೆಗಳು ಕೈವಶವಾಗುತ್ತವೆ; ಹನ್ನೊಂದು ಮಂದಿಯ ತಂಡ ಕಟ್ಟಿದವನಿಗೆ ಸಿಕ್ಕುವುದು ಒಂದೇ ಪದಕ. ಲೆಕ್ಕ ಬಲ್ಲ ಕಾಲೇಜುಗಳಿಗೆ ಇದು ತಿಳಿಯದ ವಿಷಯವಲ್ಲ.

ಆಟವೇ ಸೋತು ಪಾಠವು ಗೆದ್ದ ಪ್ರಸಂಗವೂ ನಮ್ಮಲ್ಲಿ ನಡೆದಿದೆ. ಎರಾಪಳ್ಳಿ ಪ್ರಸನ್ನನು 1962ರಲ್ಲಿ ಭಾರತದ ಪರವಾಗಿ ಆಡಿ, ವೆಸ್ಟ್ ಇಂಡೀಸಿಗೂ ಹೋಗಿ ಬಂದವನು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಲು ಕುಳಿತುಬಿಟ್ಟನು. ಮತ್ತೆ ಟೆಸ್ಟ್ ಪಂದ್ಯವನ್ನಾಡಿದುದು 1967ರಲ್ಲಿ. ಹೆಚ್ಚುಕಡಮೆ ಐದು ವರ್ಷ ದೇಶದ ಒಬ್ಬ ಶ್ರೇಷ್ಠ ಸ್ಪಿನ್ ಬೌಲರನನ್ನು ಒಂದು ತರಗತಿಯು ತನ್ನ ಬೆಂಚಿನ ಮೇಲೆ ಕೂರಿಸಿಕೊಂಡಿತ್ತು. ಇಂದು ಯಾವ ತಂದೆಯು ಅಂಥ ಮಗನನ್ನು ಹಾಗೆ ಕೂರಿಸಿಯಾನು?

ಕೇಳಲು ಬರುವವರ ಕಣ್ಣೂ ತಪ್ಪುವುದುಂಟು. ಅಮೆರಿಕದಲ್ಲಿ ಸ್ಟೀಫನ್ ಕರಿ ಎಂಬ ಹುಡುಗನು ಸಣಕಲನೆಂದು ದೊಡ್ಡ ಕಾಲೇಜುಗಳು ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿವೇತನವನ್ನು ಕೊಡಲಿಲ್ಲ. ಅವನ ತಂದೆಯು ಆಡಿದ ವರ್ಜೀನಿಯಾ ಟೆಕ್ ಕೂಡ, ವೇತನವಿಲ್ಲದೆ ಬೇಕಾದರೆ ಬಾ ಎಂದಿತು. ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಡೇವಿಡ್‌ಸನ್ ಎಂಬ ಕಾಲೇಜು ಅವನನ್ನು ಕರೆದುಕೊಂಡಿತು. 2008ರಲ್ಲಿ ಅವನ ಬಲದಿಂದ ದೇಶದ ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಆ ದೇಶದಲ್ಲಿ 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಒಂದೊಂದು ಕಾಲೇಜಿಗೆ ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಮಿಕ್ಕ ಮಿತಿ! ನಮ್ಮಲ್ಲಿ ಇನ್ನೂ ಅನ್ನ, ಹಾಸಿಗೆ, ಪುಸ್ತಕಗಳ ಮಾತೇ ನಡೆಯುತ್ತಿದೆ. ಆದರೆ ಹಿರಿಯೂರಿನ ಕಡೆ ಮಳೆಯನ್ನೇ ನಂಬಿದ ಹೊಲವುಳ್ಳ ಒಕ್ಕಲಿಗನಿಗೆ ಮೂರು ವರ್ಷದ ಅನ್ನವೆಂದರೆ ಅಲ್ಪವೇ?

ಹೊಸದುರ್ಗದ ಕಡೆಯ ನಮ್ಮ ಬಂಧುಗಳ ಮನೆಗೆ ಹೀಗೆಯೇ ಇಬ್ಬರು ಬಂದರು. ಮನೆಯ ಹುಡುಗಿ ಖೋ ಖೋ ಆಟದಲ್ಲಿ ಚುರುಕು. ಮೊದಲು ಬಂದವರು ಎಲ್ಲವನ್ನೂ ಒಪ್ಪಿದರು: ಓದು, ಊಟ, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ. ಕಾಫಿ ಕೊಟ್ಟು ಕಳುಹಿಸಿದರು. ವಾರದ ಮೇಲೆ ಎರಡನೆಯವರು ಬಂದಾಗ ಅಜ್ಜಿಯೇ ನಡುಮನೆಗೆ ಬಂದು ಕುಳಿತರು.

“ಏನಪ್ಪಾ, ನಮ್ಮ ಹುಡುಗಿ ಕಾಲು ಮುರ್ಕೊಂಡ್ರೆ ಅವತ್ತಿಂದ ಅನ್ನ ನಿಲ್ಲಿಸ್ತೀರೋ?”

ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ವರ್ಷ ನೋಡ್ಕೊಳ್ತೀವಿ ಅಜ್ಜಿ. ಆಮೇಲಿನದು ನನ್ನ ಕೈಯಲ್ಲಿಲ್ಲ” ಎಂದನು.

ಮನೆಯವರ ಮುಖ ಬಾಡಿತು. ಅಜ್ಜಿ ಮಾತ್ರ, “ಇವನು ಸುಳ್ಳು ಹೇಳಲಿಲ್ಲ, ಇವನ ಜತೆ ಕಳಿಸ್ರಿ” ಎಂದರು. ಹೆಚ್ಚು ಕೊಡುತ್ತೇನೆಂದ ಕಾಲೇಜು ಸೋತುದು ಹೀಗೆ.

ಈ ಲೆಕ್ಕದಲ್ಲಿ ಯಾರೂ ಎಣಿಸದೆ ಉಳಿದವರು ಊರಿನ ವ್ಯಾಯಾಮದ ಮೇಷ್ಟ್ರು. ನಾಲ್ಕು ವರ್ಷ ನಸುಕಿನಲ್ಲೆದ್ದು ಆ ಹುಡುಗಿಗೆ ಕಂಬ ತಿರುಗುವುದನ್ನೂ ಮೈ ಚೆಲ್ಲಿ ಮುಟ್ಟುವುದನ್ನೂ ಕಲಿಸಿದವರು ಅವರೇ. ಮುಂದಿನ ಪಂದ್ಯಗಳಲ್ಲಿ ಅವಳ ಹೆಸರಿನ ಜತೆಗೆ ಬರುವುದು ಬೇರೆ ಊರಿನ ಕಾಲೇಜಿನ ಹೆಸರು. ಅವಳು ಹೊರಟ ದಿನ ಅವರು ಬಸ್ ನಿಲ್ದಾಣಕ್ಕೆ ಬಂದು, ಚೀಲವನ್ನು ಮೇಲಕ್ಕೆ ಎತ್ತಿಕೊಟ್ಟು, ಬೂಟಿನ ದಾರವನ್ನು ಬಿಗಿಯಾಗಿ ಕಟ್ಟಿಕೊಳ್ಳುವಂತೆ ಹೇಳಿದರು. ಮಾರನೆಯ ಬೆಳಗ್ಗೆ ನಾವು ವಾಯುಸೇವನೆಗೆ ಹೋದಾಗ, ಎಂಟನೆಯ ತರಗತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಓಡಿಸುತ್ತಿದ್ದರು, ಕೈಯಲ್ಲಿ ಗಡಿಯಾರವಿತ್ತು.