ಊರು ಬಿಟ್ಟ ಹಂಸಗಳು

ಸ್ಮರಣ ಸಂಚಿಕೆಗೊಂದು ಬರಹ ಕೊಡಬೇಕೆಂದು ಸಂಘದ ಗೆಳೆಯರು ಕೇಳಿದಾಗ, ಈ ಹಳೆಯ ಮಾಸ್ತರು ವ್ಯಾಕರಣವನ್ನೋ ಯಕ್ಷಗಾನವನ್ನೋ ಕುರಿತು ಬರೆದಾನೆಂದು ಅವರು ಎಣಿಸಿದ್ದಿರಬಹುದು. ನನಗೆ ನೆನಪಾದದ್ದು ಒಂದು ಚೆಂಡಾಟ. ಅದೂ ನಮ್ಮ ನೆಲದ್ದಲ್ಲ. 2005ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ, ನೆರೆಮನೆಯ ಮುದುಕರೊಬ್ಬರ ಪಕ್ಕದಲ್ಲಿ ಕುಳಿತು ನಾನು ಟಿ.ವಿ.ಯಲ್ಲಿ ಕಂಡ ಆಟ. ಬದಿಯಡ್ಕದ ಕನ್ನಡ ಮಾಸ್ತರನಿಗೂ ಆ ಆಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಅದನ್ನು ಹೇಳುವುದಕ್ಕೆಂದೇ ಈ ಬರಹ.

ಮಗಳು ಮದುವೆಯಾಗಿ ಮೆಲ್ಬರ್ನಿನಲ್ಲಿ ನೆಲೆಸಿ ಆಗಲೇ ಒಂಬತ್ತು ವರ್ಷಗಳಾಗಿದ್ದುವು. ಆಕೆಯ ಒತ್ತಾಯಕ್ಕೆ ಮಣಿದು ಮೂರು ತಿಂಗಳ ಮಟ್ಟಿಗೆ ಹೋಗಿದ್ದೆ. ಏಳು ವರ್ಷದ ಮೊಮ್ಮಗಳು ಬಾಯಿ ತುಂಬ ‘ಅಜ್ಜ’ ಎನ್ನುತ್ತಿದ್ದಳು. ನಾನಾಡಿದ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಕ್ಷರಗಳಂತೂ ಒಂದೂ ತಿಳಿಯದು. ಒಂದು ರಾತ್ರಿ ಊಟದ ಹೊತ್ತಿನಲ್ಲಿ, “ನೆಲ ಬಿಟ್ಟವರಿಗೆ ನುಡಿಯೂ ಬಿಟ್ಟುಹೋಗುತ್ತದೆ” ಎಂದುಬಿಟ್ಟೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, “ಅಪ್ಪ, ನೀವು ನೆಲ ಬಿಡದೆ ಅಲ್ಲೇ ಇದ್ದೀರಲ್ಲ. ನಿವೃತ್ತರಾಗುವಾಗ ನಿಮ್ಮ ಕನ್ನಡ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು?” ಎಂದು ಕೇಳಿದಳು. ನಾನು ಕೆಲಸಕ್ಕೆ ಸೇರಿದ ವರ್ಷ ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. 2000ದಲ್ಲಿ ನಿವೃತ್ತನಾದಾಗ ತರಗತಿಯಲ್ಲಿದ್ದವರು 11 ಮಂದಿ. ಉತ್ತರ ಹೇಳದೆ ಕೈ ತೊಳೆಯಲು ಎದ್ದೆ. ಮುಂದೆ ಕೆಲವು ದಿನ ನಮ್ಮಿಬ್ಬರ ಮಾತು ಅಗತ್ಯದಷ್ಟಕ್ಕೇ ನಿಂತಿತು.

ಮನೆಯೊಳಗೆ ಮಾತು ಕಡಮೆಯಾದಾಗ ಬೇಲಿಯಾಚೆಯ ಮಾತು ಹೆಚ್ಚುತ್ತದೆ. ನೆರೆಮನೆಯವರು ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದರು. ಗುಲಾಬಿ ಗಿಡಗಳಿಗೆ ನೀರು ಹಾಕುತ್ತ ನನ್ನ ಪರಿಚಯ ಮಾಡಿಕೊಂಡರು. ವಯಸ್ಸೆಷ್ಟೆಂದು ಕೇಳಿದಾಗ ಅವರೆಂದರು: “ನನ್ನ ತಂಡ ಕೊನೆಯ ಬಾರಿ ಗೆದ್ದ ವರ್ಷ ಹುಟ್ಟಿದೆ. 1933.” ಆ ತಂಡ ಸೌತ್ ಮೆಲ್ಬರ್ನ್. ಅದೀಗ ಸಿಡ್ನಿ ಸ್ವಾನ್ಸ್, ಎಂದರೆ ಸಿಡ್ನಿಯ ಹಂಸಗಳು.

ಆಟವನ್ನು ಅವರೇ ನನಗೆ ಕಲಿಸಿದರು. ಮೊಟ್ಟೆಯಾಕಾರದ ಬಯಲು, ಮೊಟ್ಟೆಯಾಕಾರದ್ದೇ ಚೆಂಡು. ಒಂದೊಂದು ಪಕ್ಷಕ್ಕೆ 18 ಆಟಗಾರರು, ಆಟಕ್ಕೆ ನಾಲ್ಕು ಪಾದಗಳು. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಹೊಡೆಯಬಹುದು, ಎಸೆಯುವ ಹಾಗಿಲ್ಲ. ಒದ್ದ ಚೆಂಡು ನೆಲ ಮುಟ್ಟುವ ಮುನ್ನ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಆ ಹಿಡಿತಕ್ಕೆ ‘ಮಾರ್ಕ್’ ಎನ್ನುತ್ತಾರೆ. ಬಯಲಿನ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲು, ಅದಕ್ಕೆ 6 ಅಂಕ. ಗುರಿ ತಪ್ಪಿ ಪಕ್ಕದ ಕಂಬಗಳ ನಡುವೆ ಹೋದರೆ ‘ಬಿಹೈಂಡ್’, ಅದಕ್ಕೂ 1 ಅಂಕ. ಗುರಿ ತಪ್ಪಿದವನಿಗೂ ಅಷ್ಟಿಷ್ಟು ಕೊಡುವ ಆಟ ನನಗೆ ಮೊದಲ ದಿನವೇ ಹಿಡಿಸಿತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಾನೂ ಹೀಗೆಯೇ ತಿದ್ದುತ್ತಿದ್ದೆ.

ತಂಡದ ಕಥೆಯನ್ನು ಅವರು ದಿನಕ್ಕಿಷ್ಟರಂತೆ ಹೇಳಿದರು. ಆಲ್ಬರ್ಟ್ ಪಾರ್ಕಿನ ಕೆರೆಯ ಬದಿಯಲ್ಲಿ ಲೇಕ್ ಓವಲ್ ಎಂಬ ಬಯಲಿತ್ತು. ಅದು ಸೌತ್ ಮೆಲ್ಬರ್ನ್ ತಂಡದ ಮನೆ. ಬಿಳಿಯ ಅಂಗಿಯ ಮೇಲೆ ಕೆಂಪು ಬಣ್ಣದ ಪಟ್ಟೆ. ಇವರು, ಇವರ ಅಣ್ಣ, ಇಬ್ಬರೂ ತಂದೆಯ ಕೈಹಿಡಿದು ಶನಿವಾರ ಶನಿವಾರ ಅಲ್ಲಿಗೆ ನಡೆದುಹೋಗುತ್ತಿದ್ದರು. 1933ರ ಗೆಲುವನ್ನು ತಂದೆ ಕಣ್ಣಾರೆ ಕಂಡವರು. ಮುಂದಿನ ಮೂರು ವರ್ಷಗಳೂ ತಂಡ ಅಂತಿಮ ಪಂದ್ಯಕ್ಕೆ ಬಂದು ಸೋತಿತು. 1945ರಲ್ಲಿ ಮತ್ತೆ ಬಂದು ಮತ್ತೆ ಸೋತಿತು. ಬಳಿಕ ದಶಕಗಳ ಬರ. ಸಾಲ ಬೆಳೆಯಿತು, ನೋಡಲು ಬರುವವರು ಕಡಮೆಯಾದರು. ಕೊನೆಗೆ 1982ರಲ್ಲಿ ತಂಡವನ್ನು ಸಿಡ್ನಿಗೆ ಸಾಗಿಸಲಾಯಿತು. ತಂಡವನ್ನು ಊರಲ್ಲೇ ಉಳಿಸಿಕೊಳ್ಳಬೇಕೆಂದು ‘ಕೀಪ್ ಸೌತ್ ಅಟ್ ಸೌತ್’ ಎಂಬ ಗುಂಪು ಹೋರಾಡಿತು. ಫಲ ಸಿಗಲಿಲ್ಲ.

ಆ ಗುಂಪಿನಲ್ಲಿ ಅವರ ಅಣ್ಣನೂ ಇದ್ದ. ತಂಡ ಹೊರಟ ವರ್ಷವೇ ಅವನು ಕೆಂಪು-ಬಿಳಿ ಮಫ್ಲರನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ. ಮತ್ತೆ ಯಾವ ಆಟವನ್ನೂ ನೋಡಲಿಲ್ಲ. ಮುಂದೆ ತಂಡದ ಅಂಗಿಯ ಎದೆಯ ಮೇಲೆ ಸಿಡ್ನಿಯ ಆಪೆರಾ ಹೌಸಿನ ಚಿತ್ರ ಬಂದಾಗ, “ಅದು ನಮ್ಮ ಹೆಣಕ್ಕೆ ತೊಡಿಸಿದ ಬೇರೆಯವರ ಅಂಗಿ” ಎಂದನಂತೆ. ತಮ್ಮನಿಗೆ ಹಾಗನ್ನಿಸಲಿಲ್ಲ. ಬಣ್ಣ ಅದೇ, ಹಂಸ ಅದೇ ಎಂದು ಈತ ದೂರದಿಂದಲೇ ತಂಡವನ್ನು ಹಿಂಬಾಲಿಸಿದರು. 1992ರಿಂದ ಮೂರು ವರ್ಷ ಪಟ್ಟಿಯ ಕೊನೆಯ ಸ್ಥಾನದಲ್ಲಿದ್ದಾಗಲೂ, ಒಂದರ ಹಿಂದೆ ಒಂದರಂತೆ 26 ಪಂದ್ಯಗಳನ್ನು ಸೋತಾಗಲೂ ಬಿಡಲಿಲ್ಲ. ಅಣ್ಣತಮ್ಮಂದಿರು ಹಬ್ಬಹರಿದಿನಗಳಲ್ಲಿ ಸೇರುತ್ತಿದ್ದರು. ಆದರೆ 23 ವರ್ಷ ಅವರ ನಡುವೆ ಫುಟ್‌ಬಾಲಿನ ಮಾತು ಬರಲಿಲ್ಲ. ಬಾಲ್ಯವೆಲ್ಲ ಆ ಕೆರೆಯ ಬದಿಯಲ್ಲೇ ಕಳೆದವರಿಗೆ ಅದನ್ನು ಬಿಟ್ಟರೆ ಬೇರೇನು ಮಾತು ಉಳಿದೀತು?

ಸಮಾಧಾನ ಹೇಳಲೆಂದು ನಾನು ನಮ್ಮ ಯಕ್ಷಗಾನದ ಮೇಳಗಳ ವಿಚಾರ ತೆಗೆದೆ. “ನಮ್ಮಲ್ಲಿ ಆಟದ ಮೇಳಕ್ಕೆ ಒಂದು ಕ್ಷೇತ್ರದ ಹೆಸರಿರುತ್ತದೆ. ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುತ್ತದೆ. ತಿರುಗಿದರೂ ಹೆಸರು ಆ ಕ್ಷೇತ್ರದ್ದೇ” ಎಂದೆ. ಅವರು ಆಸಕ್ತಿಯಿಂದ ಕೇಳಿ, “ಆರು ತಿಂಗಳ ಮೇಲೆ?” ಎಂದರು. “ಪತ್ತನಾಜೆಯ ದಿನ ಕ್ಷೇತ್ರಕ್ಕೆ ಮರಳಿ ಗೆಜ್ಜೆ ಬಿಚ್ಚುತ್ತಾರೆ.” ಅವರು ನೀರಿನ ಕೊಳವೆಯನ್ನು ಮುಚ್ಚಿ, “ನಮ್ಮದು ಮರಳಲಿಲ್ಲ” ಎಂದರು. ನನ್ನ ಹೋಲಿಕೆ ಅಲ್ಲಿಗೇ ಮುಗಿಯಿತು.

ಆ ವರ್ಷ ತಂಡ 22 ಪಂದ್ಯಗಳಲ್ಲಿ 15 ಗೆದ್ದು ಮೂರನೆಯ ಸ್ಥಾನದಲ್ಲಿತ್ತು. ತರಬೇತುದಾರ ಪಾಲ್ ರೂಸ್. ಎದುರಾಳಿಗೆ ಜಾಗ ಕೊಡದೆ ಕಟ್ಟಿಹಾಕಿ ಆಡುವ ರೀತಿ ಅವರದು. ಅದು ಚೆಂದದ ಆಟವಲ್ಲವೆಂದು ಲೀಗಿನ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದ್ದರು. “ಚೆಂದವಾಗಿ ಸೋಲುವುದನ್ನು ನಾವು ಬೇಕಾದಷ್ಟು ಮಾಡಿದ್ದೇವೆ” ಎಂದು ನಮ್ಮ ಮುದುಕರು ನಕ್ಕರು. ಸೆಪ್ಟೆಂಬರಿನ ಮೊದಲ ವಾರ ಪರ್ತ್ ನಗರದಲ್ಲಿ ವೆಸ್ಟ್ ಕೋಸ್ಟ್ ಈಗಲ್ಸ್ ಎದುರು 4 ಅಂಕಗಳಿಂದ ಸೋಲಾಯಿತು. ಇನ್ನೊಂದು ಸೋಲು ಬಂದರೆ ವರ್ಷ ಮುಗಿದಂತೆ. ಮುಂದಿನ ಶುಕ್ರವಾರ ರಾತ್ರಿ ಜೀಲಾಂಗ್ ತಂಡದ ವಿರುದ್ಧದ ಪಂದ್ಯಕ್ಕೆ ನನ್ನನ್ನೂ ಕರೆದರು. ಮೂರು ಪಾದಗಳಲ್ಲಿ ಸಿಡ್ನಿ ಹೊಡೆದದ್ದು ಮೂರೇ ಗೋಲು. ಅವರು ಎದ್ದು ಚಹಾ ಮಾಡಲು ಹೋದರು. ನೋಡಲಾರದೆ ಹೋದರೆಂದು ನನಗೆ ಗೊತ್ತಾಯಿತು. ಕೊನೆಯ ಪಾದದಲ್ಲಿ ನಿಕ್ ಡೇವಿಸ್ ಎಂಬವನು ಒಂದಾದ ಮೇಲೊಂದು ನಾಲ್ಕು ಗೋಲು ಹೊಡೆದ. ನಾಲ್ಕನೆಯದು ಬಂದಾಗ ಉಳಿದದ್ದು ಕೆಲವೇ ಸೆಕೆಂಡು. 3 ಅಂಕಗಳ ಗೆಲುವು. ಚಹಾ ಆರಿಹೋಗಿತ್ತು. ಮರುವಾರ ಸೇಂಟ್ ಕಿಲ್ಡಾ ತಂಡವನ್ನು 31 ಅಂಕಗಳಿಂದ ಸೋಲಿಸಿ ಹಂಸಗಳು ಅಂತಿಮ ಪಂದ್ಯಕ್ಕೆ ಬಂದುವು. ಎದುರಾಳಿ ಮತ್ತೆ ಅದೇ ವೆಸ್ಟ್ ಕೋಸ್ಟ್.

ಸೆಪ್ಟೆಂಬರ್ 24, ಶನಿವಾರ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 91,898 ಮಂದಿ. ನೆರೆಮನೆಯ ಕೋಣೆಯಲ್ಲಿ ನಾವು ಮೂವರು: ಅವರು, ನಾನು, ಮೊಮ್ಮಗಳು. ಅಂಕ ಬರೆದುಕೊಳ್ಳಲೆಂದು ಅವಳಿಗೆ ಕಾಗದ, ಪೆನ್ಸಿಲು ಕೊಟ್ಟಿದ್ದರು. ಅರ್ಧ ಆಟದ ಹೊತ್ತಿಗೆ ಸಿಡ್ನಿ ಮುಂದಿತ್ತು. ಕೊನೆಯ ಪಾದದಲ್ಲಿ ಹಿಂದೆ ಬಿತ್ತು. ಮತ್ತೆ ಮುಂದೆ ಬಂತು. ಕೊನೆಯ ನಿಮಿಷಗಳಲ್ಲಿ ಉಳಿದದ್ದು 4 ಅಂಕಗಳ ಅಂತರ, ಎಂದರೆ ಒಂದು ಗೋಲಿಗೂ ಸಾಲದು. ಆಗ ವೆಸ್ಟ್ ಕೋಸ್ಟಿನ ಡೀನ್ ಕಾಕ್ಸ್ ಗೋಲಿನತ್ತ ಎತ್ತರಕ್ಕೆ ಚೆಂಡು ಒದ್ದ. ಎರಡೂ ಪಕ್ಷದವರು ಒಟ್ಟಿಗೆ ಹಾರಿದರು. ಆ ಗುಂಪಿನ ನಡುವಿನಿಂದ ಮೇಲೆದ್ದ ಸಿಡ್ನಿಯ ಲಿಯೊ ಬ್ಯಾರಿ ಚೆಂಡನ್ನು ಹಿಡಿದುಕೊಂಡೇ ನೆಲಕ್ಕೆ ಬಂದ. ಸೈರನ್ ಕೂಗಿತು. ಸಿಡ್ನಿ 8 ಗೋಲು 10 ಬಿಹೈಂಡ್, 58; ವೆಸ್ಟ್ ಕೋಸ್ಟ್ 7 ಗೋಲು 12 ಬಿಹೈಂಡ್, 54.

ಅವರು ಕುಣಿಯಲಿಲ್ಲ, ಕೂಗಲಿಲ್ಲ. ಎರಡು ಕೈಗಳನ್ನೂ ಮೊಣಕಾಲಿನ ಮೇಲಿಟ್ಟು ಟಿ.ವಿ.ಯನ್ನೇ ನೋಡುತ್ತಿದ್ದರು. ಪದಕ ಸ್ವೀಕರಿಸಲು ವೇದಿಕೆ ಹತ್ತಿದ ಟೈಗ್ ಕೆನೆಲಿ ಎಂಬ ಆಟಗಾರ ಅಲ್ಲಿಯೇ ಕಾಲು ಕುಪ್ಪಳಿಸಿ ಒಂದು ಕುಣಿತ ಕುಣಿದ. ಅವನು ಐರ್ಲೆಂಡಿನ ಕೆರ್ರಿಯವನೆಂದೂ ಅದು ಅವನ ದೇಶದ ಕುಣಿತವೆಂದೂ ಅವರು ಮೊಮ್ಮಗಳಿಗೆ ವಿವರಿಸಿದರು. ಹೇಳುತ್ತಿದ್ದಂತೆ ಅವರ ದನಿ ಒಡೆಯಿತು. ಆ ಸಂಜೆಯೆಲ್ಲ ಅವರು ಫೋನಿನ ಪಕ್ಕದ ಕುರ್ಚಿಯನ್ನು ಬಿಟ್ಟೇಳಲಿಲ್ಲ. ಫೋನು ಹಲವು ಬಾರಿ ಮೊಳಗಿತು. ಅಣ್ಣನದ್ದು ಬರಲಿಲ್ಲ.

ಮರುದಿನ ಬೆಳಗ್ಗೆ ಅವರು ನನ್ನನ್ನು ಕರೆದುಕೊಂಡು ಟ್ರಾಮಿನಲ್ಲಿ ಆಲ್ಬರ್ಟ್ ಪಾರ್ಕಿಗೆ ಹೋದರು. ಕೆರೆಯಲ್ಲಿ ಕಪ್ಪು ಹಂಸಗಳು ತೇಲುತ್ತಿದ್ದುವು. ಹಳೆಯ ಬಯಲಿನ ಜಾಗದಲ್ಲಿ ಬೇರೆಯೇ ಕ್ರೀಡಾಂಗಣ ಎದ್ದಿತ್ತು. “ಅಪ್ಪ ನಮ್ಮನ್ನು ಇಲ್ಲಿಗೇ ಕರೆತರುತ್ತಿದ್ದುದು” ಎಂದು ಒಂದು ಕಡೆ ಸ್ವಲ್ಪ ಹೊತ್ತು ನಿಂತರು. ಅಲ್ಲಿಂದ ಅಣ್ಣನ ಮನೆಗೆ ಹತ್ತು ನಿಮಿಷದ ದಾರಿ. ಬಾಗಿಲು ತಟ್ಟುತ್ತಾರೆಂದುಕೊಂಡೆ. ತಟ್ಟಲಿಲ್ಲ. ಗೆಲುವಿನ ಸುದ್ದಿಯಿದ್ದ ಪತ್ರಿಕೆಯನ್ನು ಮಡಚಿ ಗೇಟಿನ ಅಂಚೆಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಸದ್ದಾಗದಂತೆ ಇಳಿಸಿ ಹಿಂದಿರುಗಿದರು. ಟ್ರಾಮಿನಲ್ಲಿ ಬಹಳ ಹೊತ್ತಿನ ಮೇಲೆ ಅವರೆಂದರು: “ಅವನು ಹೇಳುವುದೂ ನಿಜ. ನಮ್ಮ ಬಯಲು ಹೋಯಿತು. ಆದರೆ ಫಿಟ್ಜ್‌ರಾಯ್ ತಂಡ ಊರು ಬಿಡಲಾರದೆ ಕೊನೆಯ ತನಕ ಇಲ್ಲೇ ಉಳಿಯಿತು. 1996ರಲ್ಲಿ ಬ್ರಿಸ್ಬೇನ್ ತಂಡದೊಳಗೆ ಸೇರಿಹೋಯಿತು. ಹೋಗಿದ್ದರಿಂದ ನಾವು ಉಳಿದೆವೋ, ಉಳಿಯಲೆಂದು ಹೋದೆವೋ, ನನಗೆ ಬಿಡಿಸಲಾಗುವುದಿಲ್ಲ. ನಿನ್ನೆ ಗೆದ್ದದ್ದು ಮಾತ್ರ ನನ್ನ ತಂಡ.”

ಕಿಟಕಿಯಾಚೆ ನೋಡುತ್ತ ನಾನು ನಮ್ಮನ್ನು ನೆನೆದೆ. 1956ರ ನವೆಂಬರ್ 1ರಂದು ನನಗೆ ಹನ್ನೊಂದು ವರ್ಷ. ಅಂದು ನಮ್ಮ ಮನೆ ಕದಲಲಿಲ್ಲ, ಕಂಗಿನ ತೋಟ ಕದಲಲಿಲ್ಲ. ಗಡಿ ಮಾತ್ರ ನಮ್ಮನ್ನು ದಾಟಿ ಆಚೆ ಹೋಯಿತು. ನೆಲ ಬಿಡದಿದ್ದುದೇ ನನ್ನ ಹೆಮ್ಮೆ. ಆ ಹೆಮ್ಮೆಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಹಿಡಿದು ಮಗಳನ್ನು ಅಳೆಯಲು ಹೊರಟದ್ದು ಮಾತ್ರ ತಪ್ಪು. ನಾನು ನೆಲದಲ್ಲೇ ಇದ್ದೆ, ನನ್ನ ತರಗತಿ ಬರಿದಾಯಿತು. ಅವಳು ನೆಲ ಬಿಟ್ಟಳು. ಆದರೂ ನನ್ನನ್ನು ಜಗಳಕ್ಕೆಳೆದದ್ದು ಅಚ್ಚ ಕನ್ನಡದಲ್ಲಿಯೇ. ಅಂಚೆಪೆಟ್ಟಿಗೆಯಲ್ಲಿ ಪತ್ರಿಕೆಯಿಡಲು ನಾನು ಎಪ್ಪತ್ತೆರಡರ ವರೆಗೆ ಕಾಯಬೇಕಾಗಿರಲಿಲ್ಲ. ಆ ರಾತ್ರಿ ಮಗಳಿಗೆ, “ಅಂದು ನಾನು ಹಾಗನ್ನಬಾರದಿತ್ತು, ಮಗಾ” ಎಂದೆ. ಅವಳು, “ಬಡಿಸಲಾ ಅಪ್ಪ?” ಎಂದಳು. ನಮ್ಮ ಕಡೆಯಲ್ಲಿ ಕ್ಷಮೆ ಇಷ್ಟರಲ್ಲೇ ಮುಗಿಯುತ್ತದೆ.

ಅಣ್ಣನಿಂದ ಉತ್ತರ ಬಂತೇ ಎಂಬುದು ನನಗೆ ತಿಳಿಯಲಿಲ್ಲ. ಅಕ್ಟೋಬರಿನಲ್ಲಿ ನಾನು ಹೊರಟುಬಂದೆ. ಹೊರಡುವ ಮುನ್ನದ ನಾಲ್ಕು ವಾರ ದಿನಕ್ಕೆರಡು ಅಕ್ಷರಗಳಂತೆ ಮೊಮ್ಮಗಳಿಗೆ ಕಲಿಸಿದೆ. ‘ಅ’ದಿಂದಲ್ಲ, ಅವಳೇ ಕೇಳಿದಂತೆ ‘ಹ’ದಿಂದ. ಮುಂದೆ ಭಾನುವಾರಗಳಂದು ಫೋನಿನಲ್ಲಿ ಪಾಠ ಸಾಗಿತು. ಅಂತಿಮ ಪಂದ್ಯದ ದಿನ ಅವಳು ಅಂಕ ಬರೆದುಕೊಂಡಿದ್ದ ಕಾಗದವನ್ನು ನಾನು ವಿಮಾನ ಹತ್ತುವ ದಿನ ಕೈಯಲ್ಲಿಟ್ಟಳು. ಬದಿಯಡ್ಕದ ನನ್ನ ಮೇಜಿನ ಗಾಜಿನಡಿಯಲ್ಲಿ ಅದು ಈಗಲೂ ಇದೆ. ಅಂಕಗಳ ಕೆಳಗೆ, ಹೊಸತಾಗಿ ಕಲಿತ ಅಕ್ಷರಗಳಲ್ಲಿ, ‘ಹಂಸ ಗೆದಿತು’ ಎಂದು ಬರೆದಿದ್ದಾಳೆ. ಮೂವತ್ತು ವರ್ಷ ಒತ್ತಕ್ಷರ ತಿದ್ದಿದ ಕೈ ನನ್ನದು. ಅಲ್ಲಿ ಬಿಟ್ಟುಹೋದ ಒತ್ತನ್ನು ನಾನು ಇಂದಿಗೂ ತಿದ್ದಿಲ್ಲ.